ಸಾಪಾಗೆ ಹೋದ್ರೆ ಬುಡಕಟ್ಟಿನವರನ್ನ ಎಲ್ಲಿ ನೋಡೋದು?

ವಿಯೆಟ್ನಾಂನ ಗುಡ್ಡದೂರು ಸಾಪಾಗೆ ಹೋಗಿಬಂದ ಮೇಲೆ ದುರ್ಗದಲ್ಲಿ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಅಕ್ಕಾ, ಸಾಪಾದಲ್ಲಿ ಬುಡಕಟ್ಟಿನ ಜನ ಇದಾರಂತಲ್ಲ, ಅವರನ್ನ ನೋಡೋಕೆ ಎಲ್ಲಿಗೆ ಹೋಗಬೇಕು?"

ಎಲ್ಲಿಗೂ ಹೋಗಬೇಕಿಲ್ಲ. ನೀವು ಬಸ್ಸಿಂದ ಇಳಿಯುವಷ್ಟರಲ್ಲಿ ಅವರೇ ನಿಮ್ಮನ್ನು ನೋಡಿರುತ್ತಾರೆ. ಕಪ್ಪು ಅನ್ನಿಸುವಷ್ಟು ಗಾಢ ನೀಲಿ ಬಟ್ಟೆಯ ಹ್ಮಾಂಗ್ ಹೆಂಗಸರು, ತಲೆಗೆ ಕೆಂಪು ವಸ್ತ್ರ ಸುತ್ತಿದ ಕೆಂಪು ಜಾವ್ ಹೆಂಗಸರು, ಬೆನ್ನಿಗೆ ಬುಟ್ಟಿ. ಯಾವ ಊರು, ಮಕ್ಕಳೆಷ್ಟು ಎಂದು ಇಂಗ್ಲಿಷಿನಲ್ಲೇ ಕೇಳುತ್ತಾ ಜೊತೆಗೆ ನಡೆಯುತ್ತಾರೆ. ಬಹಳ ಜನ ಅದನ್ನು ಕಲಿತದ್ದು ಪ್ರವಾಸಿಗರ ಜೊತೆ ಮಾತಾಡಿ ಮಾತಾಡಿಯೇ.

ಆದರೂ ಆ "ನೋಡೋಕೆ" ಅನ್ನೋ ಮಾತು ನನಗೆ ಸ್ವಲ್ಪ ಚುಚ್ಚುತ್ತದೆ. ನಾನು ಚಳ್ಳಕೆರೆ ಕಡೆಯವಳು. ನಮ್ಮ ಪಕ್ಕದ ಗೊಲ್ಲರಹಟ್ಟಿಗೆ ಯಾರೋ ಕ್ಯಾಮೆರಾ ನೇತುಹಾಕಿಕೊಂಡು ಬಂದು, ಕುರಿ ಹೊಡೆದುಕೊಂಡು ಬರ್ತಿರೋ ಅಜ್ಜನಿಗೆ "ಸ್ವಲ್ಪ ಈ ಕಡೆ ತಿರುಗಿ" ಅಂದರೆ ಹೇಗಿರುತ್ತೆ? ಅದಕ್ಕೇ ನಾನು ಹೇಳೋದು, ನಡೆಯೋಕೆ ಹೋಗಿ. ಹ್ಮಾಂಗ್ ಹೆಂಗಸರಲ್ಲೇ ಗೈಡುಗಳಿದ್ದಾರೆ. ಒಬ್ಬರನ್ನು ಗೊತ್ತು ಮಾಡಿಕೊಂಡು ಮುವಾಂಗ್ ಹುವಾ ಕಣಿವೆಗೆ ಇಳಿಯಿರಿ.

ದಾರಿ ಸುಲಭ. ಹನೋಯ್‌ಯಿಂದ ಬಸ್ಸಿದೆ, ಐದಾರು ಗಂಟೆ. ರಾತ್ರಿ ರೈಲಲ್ಲಾದರೆ ಲಾವೊ ಕಾಯ್‌ವರೆಗೆ, ಆಮೇಲೆ ಘಾಟಿ. ನಮ್ಮ ಜೋಗಿಮಟ್ಟಿಯ ತುದಿಗಿಂತ ಸಾಪಾ ಊರೇ ಎತ್ತರ, ಸುಮಾರು 1,500 ಮೀಟರ್. ಸ್ವೆಟರ್ ಬೇಕು.

ನಾವು ಹೋಗಿದ್ದು ಸೆಪ್ಟೆಂಬರಲ್ಲಿ. ಗುಡ್ಡದ ನೆತ್ತಿಯಿಂದ ಹೊಳೆವರೆಗೂ ಮೆಟ್ಟಿಲು ಗದ್ದೆ, ಎಲ್ಲಾ ಹಣ್ಣಾದ ಭತ್ತ. ಭದ್ರಾ ನಾಲೆ ನೀರಲ್ಲಿ ದಾವಣಗೆರೆ ಕಡೆ ವರ್ಷಕ್ಕೆ ಎರಡು ಬೆಳೆ ತೆಗೆಯೋದನ್ನು ಕಂಡವರು ನಾವು. ಅಲ್ಲಿ ಚಳಿಗೆ ಒಂದೇ ಬೆಳೆ. ಮೇ, ಜೂನಲ್ಲಿ ನಾಟಿ. ಆಗ ಹೋದರೆ ಗದ್ದೆ ತುಂಬ ಬರೀ ನೀರು, ಅದೂ ಚೆಂದವೇ ಅಂತೆ.

ಜಿಟಿಜಿಟಿ ಮಳೆ, ಕೆಸರು. ನನ್ನ ದುಬಾರಿ ಶೂ ಎರಡು ಸಲ ಜಾರಿತು. ಗಮ್‌ಬೂಟು ಹಾಕಿದ್ದ ಗೈಡಮ್ಮ ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ನಡೆದಳು. ಕೈ ಬಿಟ್ಟರೆ ಸಾಕು, ನಾರಿನ ಎಳೆಗೆ ಎಳೆ ಸೇರಿಸಿ ಹೊಸೆಯೋಕೆ ಶುರು. ಅದು ಹೆಂಪ್ ನಾರು, ಅಂದರೆ ನಮ್ಮ ಭಂಗಿ ಸೊಪ್ಪಿನ ಜಾತಿಯದೇ ಗಿಡ. (ನಗಬೇಡಿ, ಬಟ್ಟೆಗೆ.) ಅವಳ ಅಂಗೈ, ಉಗುರಿನ ಸಂದು, ಎಲ್ಲಾ ನೀಲಿ. ನೀಲಿ ಗಿಡದ ಎಲೆ ಕೊಳೆಸಿ, ಸುಣ್ಣ ಬೆರೆಸಿ, ಬಟ್ಟೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸುತ್ತಾರೆ. ಆಮೇಲೆ ಜೇನುಮೇಣ ಹಚ್ಚಿ ಕಲ್ಲಿನ ಮೇಲೆ ಉಜ್ಜಿದರೆ ಹೊಳಪು. ನಮ್ಮ ಕಡೆ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕ್ತಾರೆ ಅಂದೆ. ಹುಣಸೆ ಅಂತ ಅರ್ಥ ಮಾಡಿಸೋಕೆ ಹುಳಿ ತಿಂದವಳ ಹಾಗೆ ಮುಖ ಮಾಡಬೇಕಾಯ್ತು. ಅವಳು ನಕ್ಕು ನಕ್ಕು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು.

ರಾತ್ರಿ ತಾ ವಾನ್ ಹಳ್ಳಿಯಲ್ಲಿ, ಜಾಯ್ ಅನ್ನೋ ಇನ್ನೊಂದು ಬುಡಕಟ್ಟಿನವರ ಮನೆಯಲ್ಲಿ ಉಳಿದೆವು. ಸಸ್ಯಾಹಾರಿಗಳು "ಆನ್ ಚಾಯ್" ಅನ್ನಬೇಕು. ಟೀ ತರ್ತಾರೇನೋ ಅಂತ ನಮ್ಮವರಿಗೆ ಅನುಮಾನ. ಬಂದದ್ದು ಅನ್ನ, ಸೊಪ್ಪು, ತೋಫು. ಶೇಂಗಾ ಚಟ್ನಿಪುಡಿ ಒಯ್ದಿದ್ದು ಒಳ್ಳೇದಾಯ್ತು. ಮನೆಯೊಡತಿಯೂ ಎರಡು ಸಲ ಹಾಕಿಸಿಕೊಂಡಳು.

ಸಾಪಾ ಪಕ್ಕದ ಫಾನ್ಸಿಪಾನ್ ಶಿಖರ? 3,143 ಮೀಟರ್ ಅಂತ ತುದಿಯಲ್ಲಿ ಬರೆದಿದ್ದಾರೆ. 2016ರಿಂದ ಕೇಬಲ್ ಕಾರ್ ಇದೆ, ಆರು ಕಿಲೋಮೀಟರಿಗೂ ಜಾಸ್ತಿ. ಹತ್ತಿದೆವು. ಬರೀ ಮೋಡ. ಆಕಾಶ ತಿಳಿಯಾಗಿದ್ದರೆ ಮಾತ್ರ ದುಡ್ಡು ಕೊಡಿ.

ಬೀದಿಯಲ್ಲಿ ಮಕ್ಕಳ ಹತ್ತಿರ ಏನೂ ಕೊಳ್ಳಬೇಡಿ. ವ್ಯಾಪಾರ ಆದಷ್ಟೂ ಅವರನ್ನು ಶಾಲೆ ಬಿಡಿಸಿ ಬೀದಿಗೆ ಕಳಿಸ್ತಾರೆ. ದೊಡ್ಡವರ ಹತ್ತಿರ ಕೊಳ್ಳಿ. ನಾನು ಗೈಡಮ್ಮನ ಕೈಯಿಂದಲೇ ಒಂದು ನೀಲಿ ಚೀಲ ತಂದೆ, ಚೌಕಾಸಿ ಮಾಡಲಿಲ್ಲ. ಒಗೆಯುವಾಗ ಬೇರೆಯಾಗಿ ಒಗೀರಿ. ನಮ್ಮೆಜಮಾನರ ಎರಡು ಬನಿಯನ್ ಈಗಲೂ ನೀಲಿ.