ಯಾರೂ ಸುತ್ತಿಲ್ಲ ತಾತ

ಭಾನುವಾರದಿಂದ ಎರಡು ಮಾತು ಕಿವಿಯಲ್ಲೇ ಕೂತುಬಿಟ್ಟಿವೆ.

"ಇದನ್ನ ಯಾರಪ್ಪ ಸುತ್ತಿದ್ದು?"

"ಯಾರೂ ಸುತ್ತಿಲ್ಲ ತಾತ, ರೆಡಿಮೇಡು."

ಕೇಳಿದವರು ನಮ್ಮ ದೊಡ್ಡಪ್ಪ. ವಯಸ್ಸು 84. ಊರು ಮದ್ದೂರಿನ ಹತ್ತಿರ. ಹಿರಿಯ ರೈತರು ಅಂತ ಒಂದು ಸಂಘದವರು ಕರೆದು ಸನ್ಮಾನ ಇಟ್ಟುಕೊಂಡಿದ್ದರು. ಅವರು ಬೆಳಿಗ್ಗೆ ಐದಕ್ಕೇ ಎದ್ದು, ಒಗೆದ ಪಂಚೆ ಉಟ್ಟು, ಬಿಳಿ ರುಮಾಲು ಸುತ್ತಿಕೊಂಡು ಕಾದು ಕೂತಿದ್ದರು. ದಿನಾ ಸುತ್ತುವುದಕ್ಕಿಂತ ಅವತ್ತು ಜಾಸ್ತಿ ಹೊತ್ತು ತಗೊಂಡರಂತೆ. ಹೀಗಂತ ಹೇಳಿದ್ದು ದೊಡ್ಡಮ್ಮ.

ವೇದಿಕೆಯಲ್ಲಿ ಹಾರ ಆಯಿತು, ಶಾಲು ಆಯಿತು, ಹಣ್ಣಿನ ಬುಟ್ಟಿ ಆಯಿತು. ಆಮೇಲೆ ಮೈಸೂರು ಪೇಟ. ದೊಡ್ಡಪ್ಪನ ತಲೆ ಮೇಲೆ ಆಗಲೇ ರುಮಾಲು ಇತ್ತಲ್ಲ, ಪೇಟ ಎಲ್ಲಿ ಇಡಬೇಕು? ನಿರೂಪಣೆ ಮಾಡುತ್ತಿದ್ದವರು ಮೈಕಿನಲ್ಲೇ, "ಅದನ್ನ ತೆಗೀರಿ ಯಜಮಾನ್ರೇ, ಫೋಟೋ ಚೆನ್ನಾಗಿ ಬರುತ್ತೆ" ಅಂದರು. ಒಬ್ಬ ಹುಡುಗ ಎರಡೂ ಕೈಯಿಂದ ರುಮಾಲನ್ನು ಎತ್ತಿ ಪಕ್ಕದ ಕುರ್ಚಿ ಮೇಲೆ ಇಟ್ಟ. ಪೇಟ ತಲೆಗೆ ಬಂತು. ಹಣೆ ದಾಟಿ ಹುಬ್ಬಿನವರೆಗೆ ಇಳಿಯಿತು. ದೊಡ್ಡಪ್ಪ ಅದನ್ನು ಮೇಲೆ ತಳ್ಳಿಕೊಂಡು, ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಒಳಗಡೆ ರಟ್ಟು. ಆಗಲೇ ಆ ಪ್ರಶ್ನೆ ಕೇಳಿದ್ದು.

ಹುಡುಗ ಒಳ್ಳೆಯವನು. ತಾತಾ ತಾತಾ ಅಂತ ಕೈ ಹಿಡಿದು ಮೆಟ್ಟಿಲು ಹತ್ತಿಸಿದವನೂ ಅವನೇ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ನಿರೂಪಕರ ಮೇಲೆ ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಒಬ್ಬ ಮನುಷ್ಯನಿಗೆ ಗೌರವ ಮಾಡುತ್ತೇವೆ ಅಂತ ಕರೆದು, ಅವನ ತಲೆ ಮೇಲಿದ್ದ ಗೌರವವನ್ನೇ ಇಳಿಸುವುದಾ? ಹಿಂದಿನ ಸಾಲಿನಲ್ಲಿ ಯಾರೋ "ಟೋಪಿ ಹಾಕಿದ್ರು ನೋಡ್ರಪ್ಪ" ಅಂತ ನಕ್ಕರು. ಅಷ್ಟರಲ್ಲಿ ತಡವಾಗಿ ಬಂದ ಅತಿಥಿಯೊಬ್ಬರು ಆ ಕುರ್ಚಿಯಲ್ಲಿ ಕೂತುಬಿಟ್ಟರು. ರುಮಾಲಿನ ಮೇಲೆಯೇ. ಅವರಿಗೆ ಗೊತ್ತಾಗಲಿಲ್ಲ. ದೊಡ್ಡಪ್ಪನಿಗೆ ಗೊತ್ತಾಯಿತು. ಕಾರ್ಯಕ್ರಮ ಮುಗಿಯುವವರೆಗೂ ಅವರು ಆ ಕುರ್ಚಿ ಕಡೆಯೇ ನೋಡುತ್ತಿದ್ದರು.

ವಾಪಸ್ ಬರುವಾಗ ಕಾರಿನಲ್ಲಿ ಅವರು ಆಡಿದ್ದು ಒಂದೇ ಕಥೆ. ಅವರಪ್ಪ, ಅಂದರೆ ನನ್ನ ತಾತ, ಮಳೆ ಕೈಕೊಟ್ಟ ಒಂದು ವರ್ಷ ಸಾಲ ಕೊಟ್ಟವನ ಮನೆಗೆ ಹೋಗಿ, ರುಮಾಲು ಬಿಚ್ಚಿ ಅವನ ಕಾಲ ಹತ್ತಿರ ಇಟ್ಟರಂತೆ. ಅದಕ್ಕಿಂತ ದೊಡ್ಡ ಬೇಡಿಕೆ ಇರಲಿಲ್ಲ ಆಗ. ಆ ಸಾಹುಕಾರ ಕೆಟ್ಟವನೇ. ಆದರೂ ಬಗ್ಗಿ, ರುಮಾಲು ಎತ್ತಿ, ತಾತನ ಕೈಗೆ ಕೊಟ್ಟು, ಒಂದು ವರ್ಷದ ಗಡುವು ಕೊಟ್ಟನಂತೆ. "ಅಂಥವನೂ ಅದನ್ನ ತುಳೀಲಿಲ್ಲ" ಅಂದರು ದೊಡ್ಡಪ್ಪ. ಆಮೇಲೆ ಮನೆ ಬರುವವರೆಗೂ ಮಾತಿಲ್ಲ.

ಮೈಸೂರು ಪೇಟದ ಮೇಲೆ ನನಗೆ ಕೋಪ ಇಲ್ಲ. ಅದರದ್ದು ದೊಡ್ಡ ಕಥೆ. ಅರಮನೆ ದರ್ಬಾರಿಗೆ ಹೋಗುವವರು ಉದ್ದ ಕೋಟು ತೊಟ್ಟು ಜರಿ ಅಂಚಿನ ಪೇಟ ಧರಿಸುತ್ತಿದ್ದರು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ಪೇಟ ಇಲ್ಲದೆ ಕಣ್ಣ ಮುಂದೆ ತಂದುಕೊಳ್ಳಿ ನೋಡೋಣ, ಆಗಲ್ಲ. ಮಕ್ಕಳು ಅವರ ಚಿತ್ರ ಬರೆಯುವಾಗ ಮುಖಕ್ಕಿಂತ ಮೊದಲು ಪೇಟವನ್ನೇ ಬರೆಯುತ್ತಾರೆ. 1918ರಲ್ಲಿ ಮಹಾರಾಜಾ ಕಾಲೇಜಿಗೆ ಪಾಠ ಹೇಳಲು ಬಂದ ರಾಧಾಕೃಷ್ಣನ್, 1933ರಲ್ಲಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್, ಇವರ ತಲೆಗಳನ್ನೂ ನಾವು ನೆನಪಿಟ್ಟುಕೊಂಡಿರುವುದು ಸುತ್ತಿದ ಬಟ್ಟೆಯ ಜೊತೆಗೇ. ಒಬ್ಬೊಬ್ಬರ ಸುತ್ತು ಒಂದೊಂದು ಥರ. ನಾನು ಹೇಳುತ್ತಿರುವುದು ಅದನ್ನೇ. ಭಾನುವಾರ ಆರು ಜನಕ್ಕೆ ಸನ್ಮಾನ ಆಯಿತು. ಆರೂ ಪೇಟ ಒಂದೇ ಅಳತೆ, ಒಂದೇ ಮಡಿಕೆ.

ಈ ವಾರ ಪೂರ್ತಿ ರುಮಾಲು ಅನ್ನೋ ಪದ ತಲೆಯಲ್ಲಿ ಓಡುತ್ತಿದೆ. ಅದು ಪಾರಸಿಯಿಂದ ಬಂದ ಮಾತು. ರೂ ಅಂದರೆ ಮುಖ, ಮಾಲ್ ಅಂದರೆ ಒರೆಸುವಂಥದ್ದು. ಮುಖ ಒರೆಸುವ ಬಟ್ಟೆ. ಹಿಂದಿಯವರಿಗೆ ಈಗಲೂ ಅದು ಕರ್ಚೀಫೇ. ನಮ್ಮಲ್ಲಿ ಅದು ತಲೆ ಏರಿತು. ಏರಿದರೂ ಹಳೇ ಕೆಲಸ ಬಿಡಲಿಲ್ಲ. ದೊಡ್ಡಪ್ಪ ಹೊಲದಿಂದ ಬಂದು ಜಗಲಿ ಮೇಲೆ ಕೂತು, ರುಮಾಲು ಬಿಚ್ಚಿ, ಅದರ ತುದಿಯಿಂದ ಮುಖ, ಕತ್ತು, ಕಂಕುಳು ಒರೆಸಿಕೊಳ್ಳುವುದನ್ನು ನೋಡಿಯೇ ನಾನು ಬೆಳೆದಿದ್ದು. ಅದರಲ್ಲೇ ಅವರೆಕಾಯಿ ಕಟ್ಟಿಕೊಂಡು ಬರುತ್ತಿದ್ದರು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅದೇ ದಿಂಬು. ಒಂದು ಸಲ ಬಾವಿ ಹಗ್ಗ ಮೋಟಾದಾಗ ಅದನ್ನೇ ಗಂಟು ಹಾಕಿ ನೀರು ಸೇದಿದ್ದರು. ಇಷ್ಟೆಲ್ಲ ಆಗಿ, ಸಂಜೆ ಸಂತೆಗೆ ಹೊರಟರೆ ಕೊಡವಿ ಸುತ್ತಿಕೊಳ್ಳುತ್ತಿದ್ದರು. ಮತ್ತೆ ಅದು ಮರ್ಯಾದೆ.

ಪುತ್ತೂರಿನ ಗೆಳೆಯನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನಿಗೆ ಕೂಡಲೇ ಅವರಜ್ಜನ ಮುಟ್ಟಾಳೆ ನೆನಪಾಯಿತು. ಅಡಿಕೆ ಹಾಳೆಯನ್ನು ಮಡಿಸಿ ಮಾಡುವ ಟೊಪ್ಪಿ. ತೋಟದಲ್ಲಿ ಹೊರೆ ಹೊರುವವನ ತಲೆ ಕಾಯುವಂಥದ್ದು. ಅವರಜ್ಜನ ಮುಟ್ಟಾಳೆ ಬೇರೆಯವರ ತಲೆಗೆ ಸರಿಯಾಗಿ ಕೂರುತ್ತಲೇ ಇರಲಿಲ್ಲವಂತೆ. ಕೊಡಗಿನವರ ಮಂಡೆತುಣಿ ಹೆಸರಲ್ಲೇ ತಲೆ ಇದೆ, ಬಟ್ಟೆ ಇದೆ. ಉತ್ತರ ಕರ್ನಾಟಕಕ್ಕೆ ಹೋದರೆ ಪಟಗ. ಮಗುವಿಗೆ ಕುಲಾವಿ. ಮಳೆಗೆ ಕಂಬಳಿ ಕೊಪ್ಪೆ. ಇಷ್ಟೊಂದು ಹೆಸರು ಸುಮ್ನೆ ಹುಟ್ಟಿಲ್ಲ ಅಲ್ವಾ? ಒಂದೊಂದು ಹೆಸರಿನ ಹಿಂದೆ ಒಂದು ಬಿಸಿಲೋ ಮಳೆಯೋ ಇದೆ, ಒಂದು ಜೊತೆ ಕೈ ಇದೆ.

ನಮ್ಮ ತಾತ ಮಾತ್ರ ಕೊನೆಗೆ ರುಮಾಲು ಬಿಟ್ಟರು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತಲ್ಲ, ನಮ್ಮೂರಿಂದ ನಡೆದೇ ಹೋಗುವಷ್ಟು ದೂರ. ಹೋಗುವಾಗ ರುಮಾಲಿತ್ತು, ಬರುವಾಗ ಖಾದಿ ಟೋಪಿ. ಗಾಂಧೀಜಿ ತಾವೇ 1921ರಲ್ಲಿ ಮಧುರೈನಲ್ಲಿ ಅಂಗಿ, ಟೋಪಿ ಎರಡನ್ನೂ ಬಿಟ್ಟಿದ್ದರು. ಆದರೂ ಟೋಪಿಗೆ ಅವರ ಹೆಸರೇ ಉಳಿಯಿತು. ತಾತ ಬಿಟ್ಟ ರುಮಾಲನ್ನು ಮುಂದೆ ದೊಡ್ಡಪ್ಪ ಸುತ್ತಿಕೊಂಡರು. ಬಿಡುವುದಕ್ಕೂ ತೊಡುವುದಕ್ಕೂ ಅವರವರಿಗೆ ಒಂದು ಕಾರಣ ಇತ್ತು. ಭಾನುವಾರ ದೊಡ್ಡಪ್ಪನ ರುಮಾಲು ಇಳಿದದ್ದು ಫೋಟೋಗೆ.

ಸೋಮವಾರ ಆ ರುಮಾಲನ್ನು ದೊಡ್ಡಮ್ಮ ಒಗೆದು ಹಾಕಿದರು. ಸಂಜೆ ಒಣಗಿದ ಮೇಲೆ ದೊಡ್ಡಪ್ಪ ಒಂದು ತುದಿ ನನ್ನ ಕೈಗೆ ಕೊಟ್ಟು "ಹಿಡ್ಕೋ" ಅಂದರು. ಚಿಕ್ಕವನಿದ್ದಾಗ ರಜೆಯಲ್ಲಿ ದಿನಾ ಮಾಡುತ್ತಿದ್ದ ಕೆಲಸ. ಒಬ್ಬರು ಅಂಗಳದ ಆ ತುದಿ, ಒಬ್ಬರು ಈ ತುದಿ. ಅಗಲವನ್ನು ಮಡಿಸಿ ಮಡಿಸಿ ಪಟ್ಟಿ ಮಾಡಿ ಇಬ್ಬರೂ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ಮಡಿಕೆ ಹಾಳು. ಐದು ಮೀಟರಿಗೆ ಒಂದು ಗೇಣು ಕಮ್ಮಿ ಇದೆ ಆ ಬಟ್ಟೆ. ಅಳೆದು ನೋಡಿದೆ.

"ನಿನಗೇ ಸುತ್ತೀನಿ, ಬಾ" ಅಂದರು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಲು ಹೇಳಿ, ಬಲಗಿವಿಯ ಮೇಲಿಂದ ಓರೆಯಾಗಿ ಒಂದು ಸುತ್ತು, ಎಡಗಿವಿಯ ಮೇಲಿಂದ ಒಂದು ಸುತ್ತು. ಪ್ರತಿ ಸುತ್ತಿಗೂ ಅಂಗೈಯಿಂದ ತಲೆಯನ್ನು ಒಂದು ಸಲ ಒತ್ತುತ್ತಿದ್ದರು. ಆ ಕೈ ಒರಟು. ಬಿಸಿ ಇತ್ತು. ಕಡೆ ತುದಿಯನ್ನು ಹಿಂದೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಏನೂ ಹೇಳಲಿಲ್ಲ. ಬಂದು ಅಷ್ಟನ್ನೂ ಬಿಚ್ಚಿ ನನ್ನ ಕೈಗಿಟ್ಟರು.

"ಈಗ ನೀನು ನನಗೆ ಸುತ್ತು."

ಮೂರು ಸಲ ಜಾರಿತು. ನಾಲ್ಕನೇ ಸಲ ಮಡಿಸುವ ಹೊತ್ತಿಗೆ ಅಂಗಳದಲ್ಲಿ ಕತ್ತಲಾಗಿತ್ತು. ದೊಡ್ಡಪ್ಪ ಒಳಗೆ ತಿರುಗಿ, ಲೈಟ್ ಹಾಕಿ ಅಂತ ಕೂಗಿದರು.