ಕೇಳಿದವರಿಗೆ ಉತ್ತರ

‘ಅಲ್ಲಿ ಚರ್ಚಿಗೆ ಹೋಗ್ಲಿಕ್ಕೆ ಬಿಡ್ತಾರಾ?’ ರಜೆಯಲ್ಲಿ ಉಡುಪಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಬಿಡುತ್ತಾರೆ. ಮಸ್ಕತ್ತಿನ ರೂವಿಯಲ್ಲಿ ಹಿಂದಿನ ದೊರೆ ಸುಲ್ತಾನ್ ಖಾಬೂಸ್ ಕೊಟ್ಟ ಜಾಗದಲ್ಲಿ ನಮ್ಮ ಪ್ರೊಟೆಸ್ಟೆಂಟ್ ಚರ್ಚೂ ಕ್ಯಾಥೊಲಿಕರ ಇಗರ್ಜಿಯೂ ಇವೆ. ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಹಾಗಾಗಿ ನಮ್ಮ ದೊಡ್ಡ ಆರಾಧನೆಯೂ ಶುಕ್ರವಾರವೇ. ಒಂದು ಸಭೆ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಭಾಷೆಯವರು ಬಾಗಿಲಲ್ಲಿ ಕಾದಿರುತ್ತಾರೆ. ಕನ್ನಡದವರು ನಾವು ಕೆಲವೇ ಮನೆಯವರು. ಬಿಸಿಲು ಎಷ್ಟೇ ಇರಲಿ, ಗೇಟಿನ ಹತ್ತಿರ ನಿಂತು ಊರ ಸುದ್ದಿ ಮಾತಾಡದೆ ಹೊರಡುವುದಿಲ್ಲ.

ಆ ಗೇಟಿನಿಂದಾಚೆ ಮಾತ್ರ ಕಾನೂನು ಬೇರೆ. ಧರ್ಮಪ್ರಚಾರ ಮಾಡುವಂತಿಲ್ಲ, ಮನೆಯಲ್ಲಿ ಜನ ಸೇರಿಸಿ ಆರಾಧನೆ ನಡೆಸುವಂತಿಲ್ಲ. ಭಾನುವಾರ ಶಾಲೆಯಿಂದಲೇ ‘ಸಾಕ್ಷಿ ಹೇಳಬೇಕು’, ಅಂದರೆ ಯೇಸುವಿನ ವಿಷಯ ನಾಲ್ಕು ಜನಕ್ಕೆ ತಿಳಿಸಬೇಕು ಎಂದು ಕೇಳುತ್ತ ಬೆಳೆದ ನನಗೆ ಇದು ಬಾಯಿ ಕಟ್ಟಿದ ಹಾಗಿತ್ತು.

ನಾನಿಲ್ಲಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಬಂದ ಮೊದಲ ವರ್ಷ ಒಂದು ತಪ್ಪು ಮಾಡಿದೆ. ಡಯಾಲಿಸಿಸ್‌ಗೆ ಬರುತ್ತಿದ್ದ ಒಬ್ಬ ಹೆಂಗಸಿನ ಚೀಲಕ್ಕೆ, ಅವರು ಕಣ್ಣು ಮುಚ್ಚಿದ್ದಾಗ, ಅರಬ್ಬಿಯ ಸಣ್ಣದೊಂದು ಸುವಾರ್ತೆ ಪುಸ್ತಕ ಹಾಕಿಬಿಟ್ಟೆ. ಮರುದಿನ ಅವರ ಮಗ ಅದನ್ನು ತಂದು ನಮ್ಮ ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಟ್ಟ. ಅವರು ಒಮಾನಿ, ಐದು ಹೊತ್ತು ನಮಾಜು ತಪ್ಪಿಸದವರು. ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಬೈಯಲಿಲ್ಲ. ‘ಆಕೆ ನಾಲ್ಕು ಗಂಟೆ ಆ ಕುರ್ಚಿಯಿಂದ ಏಳಲಾರಳು. ರಕ್ತ ಮೆಷಿನ್ನಿನಲ್ಲಿ ಹರಿಯುತ್ತಿದೆ. ಬೇಡ ಅನಿಸಿದರೂ ಎದ್ದು ಹೋಗಲಾರದವಳ ಹತ್ತಿರ ನೀನು ಹೀಗೆ ಮಾಡಬಹುದಾ?’ ಎಂದಷ್ಟೇ ಕೇಳಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾನೂನಿನ ಹೆದರಿಕೆಗಿಂತ ಆ ಪ್ರಶ್ನೆಯೇ ಚುಚ್ಚುತ್ತಿತ್ತು. ಕೇಳಿದವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಅದನ್ನೂ ಸಾತ್ವಿಕವಾಗಿ ಹೇಳಿ ಎಂದು ಬೈಬಲಿನ ಪೇತ್ರನ ಪತ್ರದಲ್ಲಿದೆ. ಎಷ್ಟು ಸಲ ಬಾಯಿಪಾಠ ಒಪ್ಪಿಸಿದ್ದೆ! ‘ಕೇಳಿದವರಿಗೆ’ ಎಂಬ ಮಾತು ಅದರಲ್ಲಿರುವುದು ಅವತ್ತೇ ಕಣ್ಣಿಗೆ ಬಿದ್ದದ್ದು.

ಈಗ ನಾನು ಅಡಗಿಸುವುದೂ ಇಲ್ಲ, ಹೇರುವುದೂ ಇಲ್ಲ. ಸೂಜಿ ಹಾಕುವ ಮೊದಲು ರೋಗಿಯ ತೋಳಿನ ಫಿಸ್ಟುಲಾದ (ಡಯಾಲಿಸಿಸ್‌ಗೆಂದು ಆಪರೇಶನ್ ಮಾಡಿ ಜೋಡಿಸಿದ ರಕ್ತನಾಳದ) ಮೇಲೆ ಅಂಗೈ ಇಟ್ಟು ನೋಡುತ್ತೇವೆ. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಚರ್ಮದಡಿ ಬೆಕ್ಕು ಗುರುಗುಟ್ಟಿದ ಹಾಗೆ ಸಣ್ಣಗೆ ನಡುಗುತ್ತದೆ. ಆ ಒಂದೆರಡು ಕ್ಷಣ ಕನ್ನಡದಲ್ಲಿ ಪ್ರಾರ್ಥಿಸುತ್ತೇನೆ: ಕರ್ತನೇ, ಇವರಿಗೆ ನೋಯದಿರಲಿ. ತುಟಿ ಅಲ್ಲಾಡುತ್ತದೆ, ಅಷ್ಟೆ.

ಆರನೇ ಕುರ್ಚಿಯ ಅಜ್ಜಿ ಅದನ್ನು ಎಷ್ಟೋ ದಿನ ನೋಡಿದ್ದರು. ವಾರಕ್ಕೆ ಮೂರು ಸಲ ಬರುತ್ತಿದ್ದರಲ್ಲ. ಒಂದು ದಿನ ಕೇಳಿಯೇಬಿಟ್ಟರು.

‘ಬಿಂತಿ, ಮಗಳೇ, ಏನದು ನೀನು ಓದುವುದು?’

‘ನಿಮಗೆ ನೋಯದಿರಲಿ ಅಂತ ಕೇಳಿಕೊಳ್ತೇನೆ, ಉಮ್ಮಿ, ಅಮ್ಮಾ.’

‘ಯಾರ ಹತ್ತಿರ?’

‘ದೇವರ ಹತ್ತಿರ. ಯೇಸುವಿನ ಹೆಸರಲ್ಲಿ. ನೀವು ಈಸಾ ಅಂತೀರಲ್ಲ.’

‘ಮರಿಯಮಳ ಮಗ,’ ಎಂದು ತಲೆಯಾಡಿಸಿದರು. ಆಮೇಲೆ ತಮ್ಮ ಅಪ್ಪನ ಕತೆ ಹೇಳಿದರು. ಅಪ್ಪನ ಕಣ್ಣಿನ ಆಪರೇಶನ್ ಆದದ್ದು ಮಸ್ಕತ್ತಿನ ಪಕ್ಕದ ಮತ್ರಾದ ಮಿಷನ್ ಆಸ್ಪತ್ರೆಯಲ್ಲಂತೆ. ಆ ಮಿಷನ್ನಿನ ಅಮೆರಿಕದ ಡಾಕ್ಟರ್ ವೆಲ್ಸ್ ಥಾಮ್ಸ್ 1939ರಿಂದ 1970ರವರೆಗೆ ಇಲ್ಲಿ ದುಡಿದವರು. ಅವರ ತಂದೆಯೂ ಇಲ್ಲೇ ಡಾಕ್ಟರಾಗಿದ್ದು 1913ರಲ್ಲಿ ತೀರಿಕೊಂಡರು. ನಾನೂ ನಮ್ಮೂರ ಮಿಷನ್ ಆಸ್ಪತ್ರೆಯ ಬಗ್ಗೆ ಹೇಳಿದೆ. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಅದನ್ನು ಶುರುಮಾಡಿದ್ದು, ನಾನು ನರ್ಸಿಂಗ್ ಕಲಿತದ್ದು ಅಲ್ಲೇ ಎಂದೆ. ಅಜ್ಜಿ ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಹಾಗಾದರೆ ನೀನು ಆ ಮನೆಯವಳೇ’ ಎಂದರು.

ಅಂದಿನಿಂದ ನಾನು ಸೂಜಿ ಎತ್ತಿಕೊಂಡರೆ ‘ಮೊದಲು ಓದು’ ಅನ್ನುವರು. ಮೊಮ್ಮಗಳ ಹೆರಿಗೆಗೆ, ಮಗನ ಸಾಲಕ್ಕೆ, ಒಂದೊಂದಕ್ಕೂ ಹೆಸರು ಹಿಡಿದು ಪ್ರಾರ್ಥಿಸಲು ಹೇಳುವರು. ಆ ಹೆಸರುಗಳನ್ನೆಲ್ಲ ಶುಕ್ರವಾರ ರೂವಿಗೆ ಒಯ್ಯುತ್ತಿದ್ದೆ. ರಮದಾನಿನಲ್ಲಿ ಅವರ ಎದುರು ನಾನು ನೀರು ಕುಡಿಯುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಈದ್ ಕಳೆದು ಬಂದ ದಿನ ಕೇಸರಿ ಹಾಕಿದ ಹಲ್ವಾ ತಂದು, ನಾನು ತಿನ್ನುವವರೆಗೂ ಬಟ್ಟಲು ಹಿಡಿದೇ ಇದ್ದರು.

ಕಳೆದ ಚಳಿಗಾಲದಲ್ಲಿ ಅಜ್ಜಿ ಹೋದರು. ಅವರಿಗೆ ಯೇಸುವಿನ ವಿಷಯ ಇನ್ನೂ ಹೇಳಬೇಕಿತ್ತೇ ಎಂದು ಊರಿನ ಒಬ್ಬರು ಫೋನಿನಲ್ಲಿ ಕೇಳಿದರು. ಅಜ್ಜಿ ಕೇಳಿದ್ದಕ್ಕೆಲ್ಲ ನಾನು ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದ್ದೇನೆ. ಉಳಿದದ್ದು ದೇವರ ಕೈಯಲ್ಲಿದೆ ಎಂದು ಪೂರ್ತಿ ನಂಬಿದ್ದೇನೆ.

ಆರನೇ ಕುರ್ಚಿಗೆ ಈಗ ಇಪ್ಪತ್ತೆರಡರ ಹುಡುಗನೊಬ್ಬ ಬರುತ್ತಾನೆ. ಸೂಜಿ ಕಂಡರೆ ಮುಖ ಗೋಡೆಗೆ ತಿರುಗಿಸುತ್ತಾನೆ. ಮೊನ್ನೆ ಮಾತ್ರ ತಿರುಗಿಸಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದ. ಇನ್ನೂ ಏನೂ ಕೇಳಿಲ್ಲ.