ಕಡ್ಲಿ ಹೊಲದ ಹುಳಿ

“ಹೊತ್ತು ಮೂಡೂದ್ರಾಗ ಹೋಗಬೇಕವಾ, ಬಿಸಲು ಬಿದ್ರ ಹುಳಿ ಸಿಗಂಗಿಲ್ಲ” ಎಂದು ಚಿಗವ್ವ ರಾತ್ರಿಯೇ ಹೇಳಿಟ್ಟಿದ್ದಳು. ಎಳ್ಳಮಾಸಿ ಹತ್ತಿರ ಬಂದಿತ್ತು. ಕುಕನೂರು ಕಡೆಯ ಎರಿ ಹೊಲಗಳಲ್ಲಿ ಕಡ್ಲಿ ಹೂ ಬಿಟ್ಟು ಕಾಯಿ ಕಚ್ಚುವ ಕಾಲ. ಪಿಯು ಮಕ್ಕಳಿಗೆ ಸಸ್ಯಶಾಸ್ತ್ರ ಹೇಳುವ ನಾನು ಕೈಮಸೂರವನ್ನು ಚೀಲಕ್ಕೆ ಹಾಕಿಕೊಂಡು ಅವಳ ಹಿಂದೆ ಹೊರಟೆ.

ಬದುವಿನ ಪಕ್ಕದ ನಾಕಾರು ಸಾಲಿಗೆ ಚಿಗವ್ವ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯಲು ಬಿಡುವುದಿಲ್ಲ. ಪಲ್ಯಕ್ಕೆ ಕುಡಿ ಚಿವುಟುವುದೂ ಅಲ್ಲೇ, ಗಿಡದ ಮೈಮೇಲಿನ ಹುಳಿ ಹಿಡಿಯುವುದೂ ಅಲ್ಲೇ. ಒಗೆದು ಒಣಗಿಸಿದ ಹಳೆ ಧೋತರದ ತುಂಡನ್ನು ಹಿಂದಿನ ಸಂಜೆಯೇ ಗಿಡಗಳ ಮೇಲೆ ಹಾಸಿ ಬಂದಿದ್ದಳು. ರಾತ್ರಿಯೆಲ್ಲ ಇಬ್ಬನಿ ಕುಡಿದು ಅದು ಭಾರವಾಗಿತ್ತು. ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಪಿಂಗಾಣಿ ಬಟ್ಟಲಿಗೆ ತೆಳು ಹಳದಿ ನೀರು ಇಳಿಯಿತು. ಪಾತ್ರೆ ಕಬ್ಬಿಣದ್ದೋ ತಾಮ್ರದ್ದೋ ಆಗಬಾರದು, ಹುಳಿ ಲೋಹವನ್ನು ತಿನ್ನುತ್ತದೆ. ಬೆರಳು ನೆಕ್ಕಿ ನೋಡಿದೆ. ಹಲ್ಲು ಜುಮ್ಮೆಂದವು.

ಗಿಡದ ಪಕ್ಕ ಕೂತು ಮಸೂರ ಹಿಡಿದಾಗ ಕಂಡದ್ದನ್ನು ಮರೆಯಲಾರೆ. ಎಲೆ, ಕಾಂಡ, ಎಳೆ ಕಾಯಿ ಎಲ್ಲದರ ಮೇಲೂ ಒತ್ತಾಗಿ ರೋಮ. ಕೆಲವು ಬರಿಯ ರೋಮ, ತುದಿ ಚೂಪು. ಉಳಿದವುಗಳ ತುದಿಯಲ್ಲಿ ಗುಂಡಗಿನ ತಲೆ, ಆ ತಲೆಯ ಮೇಲೆ ಒಂದೊಂದು ಹನಿ. ಇವೇ ಸ್ರಾವಕ ಗ್ರಂಥಿಗಳು. ಒಂದರ ಮೇಲೊಂದು ಕೂತ ಕೋಶಗಳಿಂದ ತೊಟ್ಟು, ಹಲವು ಕೋಶ ಸೇರಿ ತಲೆ. ತಲೆಯ ಕೋಶಗಳು ಸುರಿಸಿದ್ದು ಹೊರಚರ್ಮದ ಮೇಣದ ಪದರದಡಿ ಕೂಡಿಕೊಂಡು ಸಣ್ಣ ರಂಧ್ರಗಳಿಂದ ಹೊರಗೆ ಬರುತ್ತದೆ. ಹೂವಿನ ದಳದ ಮೇಲೆ ಮಾತ್ರ ಈ ರೋಮ ಕಾಣಲಿಲ್ಲ. ಇಬ್ಬನಿ ಬರಿಯ ನೀರು. ಅದಕ್ಕೆ ಹುಳಿ ಕೊಡುವುದು ಗಿಡ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ, ಗಿಡ ಮತ್ತೆ ಸುರಿಸುತ್ತದೆ.

ಆ ಹುಳಿಯಲ್ಲಿ ಹೆಚ್ಚಿನ ಪಾಲು ಮ್ಯಾಲಿಕ್ ಆಮ್ಲ, ಜೊತೆಗೆ ಆಕ್ಸಾಲಿಕ್ ಆಮ್ಲ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಇವನ್ನು ಕೃತಕ ಆಹಾರಕ್ಕೆ ಬೆರೆಸಿ ಕಾಯಿಕೊರಕದ ಮರಿಗಳಿಗೆ ತಿನ್ನಿಸಿ ನೋಡಿದ್ದರು. ಮರಿಗಳ ಬೆಳವಣಿಗೆ ಕುಗ್ಗಿಸಿದ್ದು ಆಕ್ಸಾಲಿಕ್ ಆಮ್ಲ, ಮ್ಯಾಲಿಕ್ ಅಲ್ಲ. ಚಿಗವ್ವ ಈ ಹುಳಿಯನ್ನು ಹೊಟ್ಟೆ ಉಬ್ಬರಕ್ಕೆಂದು ಹನಿ ಲೆಕ್ಕದಲ್ಲಿ ಕೊಡುತ್ತಾಳೆ. ಆಕ್ಸಾಲಿಕ್ ಆಮ್ಲ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಿರುವವರು ಇದನ್ನು ಮುಟ್ಟಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.

ಈ ಹುಳಿ ಹುಳವನ್ನು ಪೂರ್ತಿ ತಡೆಯುತ್ತದೆಂದಲ್ಲ. ಅದೇ ಸಾಲಿನಲ್ಲಿ ಒಂದು ಹಸಿರು ಕೀಡಿ ಕಾಯಿಗೆ ತೂತು ಕೊರೆದು ತಲೆ ಒಳಗಿಟ್ಟಿತ್ತು, ಅರ್ಧ ಮೈ ಹೊರಗೆ. ಕಾಳಿನ ಬಳಿಗೆ ಬಾಯಿ ಹೋದ ಮೇಲೆ ಹೊರಗಿನ ಹನಿ ಏನು ಮಾಡೀತು? ಮೊಟ್ಟೆಯೊಡೆದ ಮರಿ ಎಲೆ ಮೇಲೆ ತೆವಳುವಾಗಲೇ ಗ್ರಂಥಿಯ ಕೆಲಸ. ಇನ್ನೊಂದು ತೊಡಕೂ ಉಂಟು. ಕೀಡಿಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜ ರೈತನ ಗೆಳೆಯ, ಆದರೆ ಕಡ್ಲಿಯ ಹುಳಿಯಲ್ಲಿ ಅದಕ್ಕೂ ಕಾಲೂರಲಾಗದು.

ಬದುವಿನಾಚೆ ಹತ್ತಿ ಇತ್ತು. ಎಲೆಯನ್ನು ಬೆಳಕಿಗೆ ಹಿಡಿದು ಚಿಗವ್ವನಿಗೆ ಕಪ್ಪು ಚುಕ್ಕಿ ತೋರಿಸಿದೆ. ಅವೂ ಗ್ರಂಥಿಗಳೇ, ಆದರೆ ಎಲೆಯ ಒಳಗೇ ಇರುವ ಚೀಲಗಳು. ಒಳಗೆ ಗಾಸಿಪಾಲ್ ಎಂಬ ವಿಷ. ಹತ್ತಿಕಾಳಿನಲ್ಲೂ ಅದಿದೆ. ಮೆಲುಕು ಹಾಕುವ ಎಮ್ಮೆ ಮಿತವಾಗಿ ತಿಂದರೆ ತಡೆದುಕೊಳ್ಳುತ್ತದೆ, ಕೋಳಿ ಹಂದಿಗೆ ಆಗದು. 1950ರ ದಶಕದಲ್ಲಿ ಅಮೆರಿಕದಲ್ಲಿ ಚುಕ್ಕಿಯೇ ಇಲ್ಲದ ಹತ್ತಿ ಬೆಳೆಸಿದರು. ಕಾಳು ಮನುಷ್ಯರೂ ತಿನ್ನುವಂತಾಯಿತು, ಆದರೆ ಹತ್ತಿಯ ಗೋಜಿಗೆ ಬಾರದ ಹುಳಗಳೂ ಅದಕ್ಕೆ ಮುತ್ತಿದವು. ಗಿಡ ಇಷ್ಟು ಖರ್ಚು ಮಾಡಿ ಕಟ್ಟಿಕೊಂಡ ರಕ್ಷಣೆಯನ್ನು ಲೆಕ್ಕಕ್ಕೇ ಹಿಡಿಯದೆ ನಾವು ಕ್ಯಾಲೆಂಡರ್ ನೋಡಿ ಎಣ್ಣಿ ಹೊಡೆಯುವುದು ನನಗೆ ಸರಿಕಾಣುವುದಿಲ್ಲ.

ಅಷ್ಟೊತ್ತಿಗೆ ಚಿಗಪ್ಪ ಬಂದ. ನಾಳೆ ಪಂಪು ತರುತ್ತೇನೆಂದ. “ಮೊದಲು ಹುಳ ಎಷ್ಟದಾವ ನೋಡೂಣು, ಚಿಗಪ್ಪಾ” ಎಂದೆ. ಸಾಲು ಸಾಲು ಬಗ್ಗಿ ನೋಡಿದೆವು. ಆ ಹುಳಿಗೆ ಕಾಲು ಚುರುಗುಟ್ಟುತ್ತಿದ್ದವು. ತೂತು ಬಿದ್ದ ಕಾಯಿ ಅಲ್ಲಲ್ಲಿ ಬಿಟ್ಟರೆ ಹೆಚ್ಚಿರಲಿಲ್ಲ. ಚಿಗವ್ವ ಮಂಡಕ್ಕಿಗೆ ಅರಿಷಿಣ ಕಲಸಿ ಹೊಲಕ್ಕೆ ಚೆಲ್ಲೋಣ, ಆರಿಸಲು ಬಂದ ಹಕ್ಕಿ ಕೀಡಿಯನ್ನೂ ತಿನ್ನುತ್ತವೆ ಎಂದಳು. ಚಿಗಪ್ಪ ಹಕ್ಕಿ ಕೂರಲು ಕೋಲು ನೆಡಲು ಒಪ್ಪಿ, ಎಣ್ಣಿಯ ಮಾತನ್ನು ವಾರ ಕಳೆದು ನೋಡೋಣವೆಂದು ಮುಂದಕ್ಕೆ ಹಾಕಿದ.